ಬೆಂಕಿಯ ನಂತರ ಕಟ್ಟಿದ ಮನೆ

ಮೈಸೂರಿನ ಅರಮನೆಯನ್ನು ನಾನು ಮನೆಯೆಂದೇ ನೋಡುತ್ತೇನೆ. ಅದನ್ನು ಕಟ್ಟಿಸಿದಾಕೆಗೆ ಆಗ ಮೂವತ್ತರ ಆಸುಪಾಸು. ಗಂಡ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದಾಗ ಗಂಟಲಮಾರಿಯಿಂದ ತೀರಿಕೊಂಡಿದ್ದರು. ಹಿರಿಯ ಮಗ ಕೃಷ್ಣರಾಜನಿಗೆ ಹದಿಮೂರು ತುಂಬಿರಲಿಲ್ಲ. ಮಗ ದೊಡ್ಡವನಾಗುವವರೆಗೆ ರಾಜ್ಯದ ಹೊಣೆ ಈಕೆಯ ಮೇಲೆಯೇ. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಅರಮನೆಗೆ ಬೆಂಕಿ ಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ, ಅದೇ ಜಾಗದಲ್ಲಿ ಹೊಸ ಮನೆಯ ಕೆಲಸ ಶುರುವಾಯಿತು.

ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ನಮ್ಮ ಊರಿನಲ್ಲಿ ರಸ್ತೆಗೆ, ಮಾರುಕಟ್ಟೆಗೆ, ಹಿರಿಯೂರಿನ ಕಡೆ ಅಣೆಕಟ್ಟಿಗೆ ಈ ಹೆಸರಿದೆ. ಆದರೆ ಅರಮನೆ ನೋಡಲು ಬಂದವರ ಬಾಯಲ್ಲಿ ಕೇಳುವುದು ಹೆನ್ರಿ ಇರ್ವಿನ್ ಎಂಬ ಹೆಸರು. ನಕ್ಷೆ ಬರೆದವರು ಅವರು, ಸರಿ. ಆದರೆ ಮನೆ ಕಟ್ಟಿಸಿಕೊಡುವ ಕಸುಬಿನ ನನಗೆ ಮೊದಲು ನೆನಪಾಗುವುದು ಕಟ್ಟಿಸಿದವರು. ಮನೆ ಹೇಗಿರಬೇಕು ಎಂಬುದು ಮನೆಯವರ ಬದುಕಿನಿಂದ, ಅವರ ಭಯದಿಂದ ತೀರ್ಮಾನವಾಗುತ್ತದೆ. ಈ ಮನೆಯ ಮಟ್ಟಿಗೆ ಆ ಭಯ ಬೆಂಕಿಯದು.

ನಮ್ಮದು ಮೂರು ತಲೆಮಾರಿನ ಕೆಲಸ. ಅಜ್ಜ ಗಾರೆಯವರು, ಅಪ್ಪ ಮೇಸ್ತ್ರಿ, ನಾನು ಸಿವಿಲ್ ಎಂಜಿನಿಯರ್. ಈಗ ನನ್ನ ಹತ್ತಿರ ಬರುವವರು ಹೆಚ್ಚಾಗಿ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ದುಡಿದು, ಮೈಸೂರಿನಲ್ಲಿ ತಮ್ಮ ಮನಸ್ಸಿನಂಥ ಒಂದು ಮನೆ ಬೇಕೆನ್ನುವವರು. ಇಟಾಲಿಯನ್ ಮಾರ್ಬಲ್ಲು, ಹೋಂ ಥಿಯೇಟರು, ಮೊಬೈಲಿನಲ್ಲಿ ಉರಿಯುವ ದೀಪ. "ಸಾರ್, ಒಟ್ಟಿನಲ್ಲಿ ಅರಮನೆ ಥರ ಇರಬೇಕು" ಎಂಬ ಮಾತು ಎಷ್ಟು ಸಲ ಕೇಳಿದ್ದೇನೋ. ಹಾಗೆಂದವರನ್ನು ನಿಜವಾಗಿಯೂ ಅರಮನೆಗೆ ಕರೆದುಕೊಂಡು ಹೋಗುತ್ತೇನೆ. ದರ್ಬಾರ್ ಹಾಲಿನ ಚಿನ್ನದ ಬಣ್ಣಕ್ಕಿಂತ ಮುಂಚೆ ಅಲ್ಲಿನ ತೊಟ್ಟಿಗಳನ್ನು ತೋರಿಸುತ್ತೇನೆ.

ಸುಟ್ಟುಹೋದ ಅರಮನೆ ಮರದ್ದು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ರಾಜ್ಯ ಬಂದಾಗ ಕೆಲವೇ ವರ್ಷಗಳಲ್ಲಿ ಎದ್ದದ್ದು. ಮುಂಭಾಗಕ್ಕೆ ಗಾಢವಾದ ಬಣ್ಣ, ಕೆತ್ತನೆಯ ಭಾರಿ ಮರದ ಕಂಬಗಳು. ಸಜ್ಜೆ ಎಂಬ ತೆರೆದ ಹಜಾರದಲ್ಲಿ ದಸರೆಯ ದಿನಗಳಲ್ಲಿ ಮಹಾರಾಜರು ಸಿಂಹಾಸನವೇರಿ ಜನರಿಗೆ ಕಾಣಿಸಿಕೊಳ್ಳುತ್ತಿದ್ದರು. ಮೇಲಿನ ಅಂಬಾವಿಲಾಸವೆಂಬ ಹಜಾರದಲ್ಲಿ ಅತಿಥಿಗಳ ಭೇಟಿ, ರಾಜ್ಯದ ನಿತ್ಯದ ಕೆಲಸ. ಇವೆರಡನ್ನು ಬಿಟ್ಟರೆ ಉಳಿದ ಕೋಣೆಗಳೆಲ್ಲ ಹೆಚ್ಚುಕಡಿಮೆ ಚಿಕ್ಕವು, ಇಕ್ಕಟ್ಟಿನವು. ಒಂದು ಶತಮಾನ ಒಣಗಿದ ತೇಗ, ಹೊನ್ನೆಯಂಥ ಮರಕ್ಕೆ ಬೆಂಕಿ ಹತ್ತಿದರೆ ಏನಾಗುತ್ತದೆಂದು ಮರದ ಕೆಲಸ ಬಲ್ಲ ಯಾರಿಗೂ ಹೇಳಬೇಕಿಲ್ಲ. ಜಂತೆಯಿಂದ ಜಂತೆಗೆ, ತೊಲೆಯಿಂದ ತೊಲೆಗೆ ಹಾಯುತ್ತದೆ. ಮದುವೆಯ ಚಪ್ಪರ, ತೋರಣ, ದೀಪಗಳ ಕಾಲದಲ್ಲಂತೂ ಕೇಳುವುದೇ ಬೇಡ.

ಮನೆಮಂದಿ ಪಕ್ಕದ ಜಗನ್ಮೋಹನ ಅರಮನೆಗೆ ಹೋದರು. ಅಲ್ಲಿ ಕಳೆದ ಕಾಲ ಕೊಂಚವಲ್ಲ. 1900ರಲ್ಲಿ ಮಗನ ಮದುವೆ ಅಲ್ಲೇ ಆಯಿತು. 1902ರ ಆಗಸ್ಟಿನಲ್ಲಿ ಲಾರ್ಡ್ ಕರ್ಜನ್ ಬಂದು ಮಗನಿಗೆ ಅಧಿಕಾರ ಒಪ್ಪಿಸಿದ ಸಮಾರಂಭ ನಡೆದಾಗಲೂ ಹೊಸ ಮನೆ ಇನ್ನೂ ಏಳುತ್ತಲೇ ಇತ್ತು. ಮನೆ ಕಟ್ಟುವಾಗ ಪಕ್ಕದಲ್ಲೇ ಬಿಡಾರ ಹೂಡಿ ದಿನವೂ ಕೆಲಸ ನೋಡುವ ಮನೆಯವರು ನನಗೆ ಗೊತ್ತು. ಅಂಥವರ ಮನೆಯಲ್ಲಿ ಕಳಪೆ ಕೆಲಸ ನುಸುಳುವುದು ಕಷ್ಟ.

ಇರ್ವಿನ್ನರನ್ನು ಆರಿಸಿದ್ದೇಕೆಂದು ಊಹಿಸುವುದು ಕಷ್ಟವಲ್ಲ. ಶಿಮ್ಲಾದಲ್ಲಿ ಅವರು ರೂಪಿಸಿದ ವೈಸರಾಯ್ ವಾಸದ ಕಟ್ಟಡ 1888ರಲ್ಲಿ ಮುಗಿದಿತ್ತು, ಆ ದಿನಗಳಲ್ಲೇ ಅದಕ್ಕೆ ವಿದ್ಯುತ್ ದೀಪ. ಮದರಾಸಿನ ಹೈಕೋರ್ಟು, ಕನ್ನಿಮರಾ ಗ್ರಂಥಾಲಯ ಅವರ ಕೈಯವು. ಗುಮ್ಮಟ, ಕಮಾನು, ಛತ್ರಿ, ಜಾಲಂಧ್ರಗಳನ್ನು ಇಟ್ಟಿಗೆ, ಕಲ್ಲು, ಕಬ್ಬಿಣದಲ್ಲಿ ಒಟ್ಟಿಗೆ ನಿಲ್ಲಿಸುವುದರಲ್ಲಿ ಅವರಷ್ಟು ಅನುಭವ ದಕ್ಷಿಣದಲ್ಲಿ ಆಗ ಹೆಚ್ಚು ಜನಕ್ಕಿರಲಿಲ್ಲ. ಬೂದುಬಣ್ಣದ ಕಣಶಿಲೆಯ ಮೈ, ಗುಲಾಬಿ ಬಣ್ಣದ ಗುಮ್ಮಟಗಳು, 245 ಅಡಿ ಉದ್ದ, 156 ಅಡಿ ಅಗಲ, ನಡುವೆ 145 ಅಡಿ ಎತ್ತರದ ಗೋಪುರ. ನಮ್ಮ ಕೆಲಸದಲ್ಲಿ ಇದನ್ನು ಎಲಿವೇಶನ್ ಅನ್ನುತ್ತೇವೆ. ಹಾದಿಯಲ್ಲಿ ಹೋಗುವವರು ಕತ್ತೆತ್ತಿ ನೋಡುವುದು ಅದನ್ನೇ.

ಒಳಗೆ ಕಾಲಿಟ್ಟರೆ ಬೇರೊಂದು ಮನೆ ಸಿಗುತ್ತದೆ. ಗೊಂಬೆ ತೊಟ್ಟಿ, ಸವಾರಿ ತೊಟ್ಟಿ, ಕರಿಕಲ್ಲು ತೊಟ್ಟಿ. ಮಂಡ್ಯ, ಹಾಸನ, ಮೈಸೂರು ಸೀಮೆಯ ಯಾವ ಹಳೇ ಗೌಡರ ಮನೆಗೆ ಹೋದರೂ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇರುತ್ತದಲ್ಲ, ಅದರ ಸುತ್ತ ಜಗಲಿ, ಜಗಲಿಯ ಸುತ್ತ ಕೋಣೆ. ಅದೇ ಕ್ರಮ ಇಲ್ಲಿ ದೊಡ್ಡದಾಗಿ ಬೆಳೆದಿದೆ. ದಸರೆಯ ಗೊಂಬೆ ಕೂರಿಸಲು ಒಂದು ತೊಟ್ಟಿ, ಸವಾರಿ ಹೊರಡಲು ಒಂದು. ವಿಜಯದಶಮಿಯ ಬೆಳಿಗ್ಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇವತ್ತಿಗೂ ಅರಮನೆಯ ತೊಟ್ಟಿಯಲ್ಲೇ. ಹಳೆಯ ಸಜ್ಜೆಯ ಕೆಲಸವನ್ನು ಈಗ 155 ಅಡಿ ಉದ್ದದ ದರ್ಬಾರ್ ಹಾಲು ಮಾಡುತ್ತಿದೆ. ಅದೂ ಪೂರ್ವಕ್ಕೆ ಪೂರಾ ತೆರೆದದ್ದು, ಎದುರಿನ ಬಯಲಿನಲ್ಲಿ ನಿಂತವರಿಗೆ ಸಿಂಹಾಸನದ ದಿಕ್ಕು ಕಾಣುವ ಹಾಗೆ. ಅಂಬಾವಿಲಾಸವೆಂಬ ಹೆಸರೂ ಹಳೆಯ ಮನೆಯದೇ. ಎಲಿವೇಶನ್ ಇರ್ವಿನ್ನರದು, ಪ್ಲಾನು ಮನೆಯವರದು ಎಂದು ನಾನು ಹೇಳುವುದು ಇದಕ್ಕೆ. ಆ ಕಾಲದ ಎಷ್ಟೋ ರಾಜರು ಯುರೋಪಿನ ಮಾದರಿಯ ಬಂಗಲೆ ಕಟ್ಟಿಸಿಕೊಂಡು, ತಮ್ಮ ಹಬ್ಬಹರಿದಿನಗಳಿಗೆ ಅದರಲ್ಲಿ ಜಾಗ ಹುಡುಕಬೇಕಾಯಿತು. ಮೈಸೂರಿನ ಈ ತಾಯಿ ಮೊದಲು ಹಬ್ಬಗಳಿಗೆ ಜಾಗ ಮಾಡಿಸಿದರು.

ನಕ್ಷೆಗೂ ನೆಲಕ್ಕೂ ನಡುವೆ ನಿಂತವರು ಬಿ.ಪಿ. ರಾಘವುಲು ನಾಯ್ಡು. ಅರಮನೆ ವಿಭಾಗದ ಎಕ್ಸಿಕ್ಯೂಟಿವ್ ಎಂಜಿನಿಯರ್. ದೆಹಲಿ, ಮದರಾಸು, ಕಲ್ಕತ್ತೆಗೆ ಹೋಗಿ ಅಲ್ಲಿನ ಕಟ್ಟಡಗಳನ್ನು ಅಭ್ಯಾಸ ಮಾಡಿ ಬಂದವರು, ಅವರು ಕಲಿತು ತಂದದ್ದು ಈ ಯೋಜನೆಗೆ ಸೇರಿಕೊಂಡಿತು. ನಾಯ್ಡು ಅವರ ಬಗ್ಗೆ ನನಗೆ ತುಂಬ ಗೌರವ. ನಕ್ಷೆ ಬರೆದವರು ದೂರದ ಮದರಾಸಿನ ಅಧಿಕಾರಿ, ಕಟ್ಟಿಸುವವರು ಪರದೆಯೊಳಗಿನ ರಾಣಿ. ಒಬ್ಬರ ಕಾಗದವನ್ನು ಕೆಲಸದವರಿಗೆ ತಿಳಿಸಬೇಕು, ಇನ್ನೊಬ್ಬರ ಇಚ್ಛೆಯನ್ನು ಕಾಗದಕ್ಕೆ ತರಬೇಕು. ಕಲ್ಲುಕುಟಿಗರ ಒಂದು ಗುಂಪು, ಗಾರೆಯವರ ಇನ್ನೊಂದು ಗುಂಪು, ಬಡಗಿಗಳು, ಕಮ್ಮಾರರು, ಬಣ್ಣದವರು, ಹೊರ ಊರಿನಿಂದ ಬಂದ ಕುಶಲಕರ್ಮಿಗಳು. ಕೆಳಗಿನ ಕಲ್ಲಿನ ಸಾಲು ಮುಗಿಯದೆ ಮೇಲಿನ ಕಬ್ಬಿಣ ಕೂರದು, ಕಬ್ಬಿಣ ಕೂರದೆ ಗಾಜು ಬಾರದು. ಹದಿನೈದು ವರ್ಷ ನಡೆದ ಕೆಲಸದಲ್ಲಿ ಇಷ್ಟು ಕೈಗಳನ್ನು ಒಂದು ದಾರದಲ್ಲಿ ಪೋಣಿಸಿಟ್ಟ ಸೈಟಿನವರ ದುಡಿಮೆ ಕಾಣುವುದು ಸೈಟಿನಲ್ಲಿ ನಿಂತವರಿಗೇ.

ಈಗ ಕಲ್ಯಾಣ ಮಂಟಪಕ್ಕೆ ಬರುತ್ತೇನೆ. ಬೆಂಕಿಯ ಭಯಕ್ಕೆ ಸಿಕ್ಕ ಉತ್ತರ ಇಲ್ಲಿದೆ. ಎಂಟು ಮೂಲೆಯ ಹಜಾರ, ಎತ್ತರದ ಗುಮ್ಮಟ, ಗುಮ್ಮಟದಲ್ಲಿ ನವಿಲಿನ ಚಿತ್ತಾರದ ಬಣ್ಣದ ಗಾಜು. ಅದನ್ನು ಹೊತ್ತಿರುವ, ಮೂರು ಮೂರು ಒಟ್ಟಿಗೆ ನಿಂತ ಕಂಬಗಳು ಎರಕದ ಕಬ್ಬಿಣದವು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಅವರ ಸ್ಯಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದದ್ದು. ಆ ಕಾರ್ಖಾನೆ ಆಗ ಜಗತ್ತಿಗೆಲ್ಲ ಕಬ್ಬಿಣದ ಅಲಂಕಾರ ಕಳುಹಿಸುತ್ತಿತ್ತು, ದಪ್ಪ ದಪ್ಪ ಕ್ಯಾಟಲಾಗು ಅಚ್ಚು ಹಾಕಿಸಿ ಕಂಬ, ಕಟಕಟೆ, ಕಾರಂಜಿ, ಮಂಟಪಗಳನ್ನು ಮಾರುತ್ತಿತ್ತು. ಬಡಗಿಯೊಬ್ಬ ಒಂದೇ ಒಂದು ಸಲ ಮರದಲ್ಲಿ ಹೂಬಳ್ಳಿಯ ಅಚ್ಚು ಕೆತ್ತಿದರೆ ಸಾಕು. ಅದನ್ನು ಮರಳಿಗೆ ಒತ್ತಿ, ಉಳಿದ ಗುಂಡಿಗೆ ಕರಗಿದ ಕಬ್ಬಿಣ ಹೊಯ್ದರೆ ಎಷ್ಟು ಬೇಕೋ ಅಷ್ಟು ಕಂಬ. ತುಂಡು ತುಂಡಾಗಿ ಹಡಗು ಹತ್ತಿ ಸಮುದ್ರ ದಾಟಿ, ಇಲ್ಲಿ ಬೋಲ್ಟು ಹಾಕಿ ಜೋಡಿಸುವ ಕೆಲಸ. ಬೆಂಗಳೂರಿನಿಂದ ಮೈಸೂರಿಗೆ ರೈಲು 1882ರಲ್ಲೇ ಬಂದಿತ್ತು. ಆ ರೈಲು ಇರದಿದ್ದರೆ ಇಷ್ಟು ತೂಕವನ್ನು ಎತ್ತಿನ ಗಾಡಿಯಲ್ಲಿ ತರುವ ಯೋಚನೆಯನ್ನೇ ಯಾರೂ ಮಾಡುತ್ತಿರಲಿಲ್ಲವೇನೋ.

ಕಬ್ಬಿಣ ಉರಿಯುವುದಿಲ್ಲ ಎಂಬುದು ಆ ಕಾಲದ ದೊಡ್ಡ ಧೈರ್ಯ. ಎಂಜಿನಿಯರ್ ಆಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ಎರಕದ ಕಬ್ಬಿಣ ಮೇಲಿಂದ ಬೀಳುವ ಭಾರಕ್ಕೆ ಬಲು ಗಟ್ಟಿ. ಬಗ್ಗಿಸಿದರೆ, ಎಳೆದರೆ ಒಡೆದೇ ಹೋಗುತ್ತದೆ. ಬೆಂಕಿಯಲ್ಲಿ ಕಾದು ಕೆಂಪಾದ ಕಂಬದ ಮೇಲೆ ತಣ್ಣೀರು ಬಿದ್ದರೆ ಬಿರಿಯಲೂಬಹುದು. ಆದ್ದರಿಂದ ಕಬ್ಬಿಣವೊಂದನ್ನೇ ನಂಬಿ ಕೂರುವಂತಿಲ್ಲ, ಸುತ್ತ ಉರಿಯುವ ಸಾಮಾನೇ ಕಡಿಮೆ ಇರಬೇಕು. ಇಲ್ಲಿ ಹಾಗೇ ಮಾಡಿದ್ದಾರೆ. ಭಾರ ಹೊರುವ ಕೆಲಸದಿಂದ ಮರವನ್ನು ಬಿಡಿಸಿ ಕಲ್ಲು, ಇಟ್ಟಿಗೆ, ಲೋಹಕ್ಕೆ ಕೊಟ್ಟಿದ್ದಾರೆ, ಬೆಂಕಿ ಆರಿಸುವ ಸಲಕರಣೆ ಕೂಡಿಸಿದ್ದಾರೆ. ಮರ ಉಳಿದಿರುವುದು ಅದರ ಚೆಲುವು ಬೇಕಾದ ಕಡೆ: ಬೀಟೆ ಮರದಲ್ಲಿ ದಂತ ಕೂರಿಸಿದ ಬಾಗಿಲುಗಳು, ಕೆತ್ತನೆಯ ಒಳಮಾಡು. ಬೀಟೆಗೆ ದಂತ ಕೂರಿಸುವುದು ಮೈಸೂರಿನದೇ ಕಸುಬಾಗಿತ್ತು. ಎಳೆ ಎಳೆಯಾಗಿ ಗುಳಿ ತೋಡಿ, ದಂತದ ತುಂಡನ್ನು ಅದಕ್ಕೆ ಸರಿಯಾಗಿ ಅರದಲ್ಲಿ ಉಜ್ಜಿ ಕೂರಿಸಬೇಕಿತ್ತು, ಬಿರುಕಿಗೆ ಎಡೆ ಇರಬಾರದಿತ್ತು.

ಮಂಟಪದ ಮಹಡಿಯಲ್ಲಿ ಹೆಂಗಸರು ಕೂತು ನೋಡುವ ಪಡಸಾಲೆಗಳಿವೆ. ಕೆಳಗೆ ನಡೆಯುವ ಧಾರೆ, ಲಗ್ನ ಅವರಿಗೆ ಪೂರಾ ಕಾಣಬೇಕು, ಕೆಳಗಿನವರಿಗೆ ಅವರು ಕಾಣಬಾರದು. ಇಂಥದೊಂದು ಬೇಡಿಕೆ ಗ್ಲಾಸ್ಗೋದ ಕ್ಯಾಟಲಾಗಿನಲ್ಲಿ ಇರಲಾರದು. ಮನೆಯ ಹೆಂಗಸರ ಬದುಕು ತಿಳಿದವರು ಹೇಳಿ ಮಾಡಿಸಿದ್ದು. ಮಂಟಪದ ಗೋಡೆಗಳ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳು ಆಮೇಲಿನವು, 1934ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿನ ಕಲಾವಿದರು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದವು. 2016ರ ಜೂನಿನಲ್ಲಿ ರಾಜಮನೆತನದ ಯದುವೀರರ ಮದುವೆ ನಡೆದದ್ದು ಈ ಮಂಟಪದಲ್ಲೇ. ಟಿ.ವಿ.ಯಲ್ಲಿ ನೋಡುತ್ತ ನನ್ನ ಕಣ್ಣು ಹೋಮಕುಂಡದ ಹೊಗೆಯ ಮೇಲೇ ಇತ್ತು. ಇದನ್ನು ಕಟ್ಟಿಸಿದಾಕೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಮದುವೆ ಇದೇ ಇರಬೇಕು ಅನ್ನಿಸಿತು.

ಗಾರೆಯ ವಿಷಯ. ಇಲ್ಲಿ ನಮ್ಮ ಮನೆಯ ನೆನಪು ಸ್ವಲ್ಪ ಸೇರುತ್ತದೆ. ಅಜ್ಜ ಅರಮನೆ ಕೆಲಸದ ಕಾಲಕ್ಕೆ ಹುಟ್ಟಿರಲಿಲ್ಲ, ಅವರಿಗೆ ಕರಣೆ ಹಿಡಿಸಿದವರು ಅಲ್ಲಿ ದುಡಿದವರು. ಸಿಮೆಂಟು ಆಗ ಹೊರದೇಶದಿಂದ ಬರುತ್ತಿದ್ದ ಸಾಮಾನು. ನಮ್ಮ ದೇಶದಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟು ಮಾಡಲು ಹಿಡಿದದ್ದು 1914ರಲ್ಲಿ, ಅರಮನೆ ಮುಗಿದು ಎರಡು ವರ್ಷವಾದ ಮೇಲೆ. ಹಾಗಾಗಿ ಮೈಸೂರಿನ ಕಟ್ಟಡಗಳನ್ನೆಲ್ಲ ಹಿಡಿದು ನಿಲ್ಲಿಸಿದ್ದು ಸುಣ್ಣ. ಸುಣ್ಣದ ಕಲ್ಲು ಸುಟ್ಟು, ನೀರಿಗೆ ಹಾಕಿ ಅರಳಿಸಿ, ದಿನಗಟ್ಟಲೆ ನೆನೆಸಿಡುತ್ತಿದ್ದರು. ಮರಳು, ಇಟ್ಟಿಗೆಪುಡಿಯ ಸುರ್ಕಿ ಸೇರಿಸಿ, ದುಂಡನೆಯ ಕಾಲುವೆಯಲ್ಲಿ ಎತ್ತು ಕಟ್ಟಿ ಕಲ್ಲಿನ ಗಾಲಿ ಉರುಳಿಸಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವುದೂ ಇತ್ತು. ಕೊನೆಯ ಮೈಗೆ ನುಣ್ಣನೆಯ ಸುಣ್ಣ ಬಳಿದು, ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಿಸುವುದು. "ಆತುರ ಪಟ್ರೆ ಸುಣ್ಣ ಉದುರ್ತದೆ ಕಣ್ ಮಗ, ಬುಡು ಅದರ ಪಾಡಿಗೆ" ಎಂದು ಅಜ್ಜ ನನ್ನನ್ನು ಗದರಿದ್ದು ನೆನಪಿದೆ, ಹಸಿ ಗೋಡೆಗೆ ಬೆರಳು ಒತ್ತಿದ್ದಕ್ಕೆ. ಅರಮನೆ ಮುಗಿಯುವ ಹೊತ್ತಿಗೇ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿತ್ತು, ಆ ಕಟ್ಟೆಯೂ ಸುರ್ಕಿ ಗಾರೆಯಲ್ಲೇ ಎದ್ದದ್ದು. ಮೈಸೂರಿನ ಕೈಗಳಿಗೆ ಒಂದು ಕೆಲಸದ ಹಿಂದೆ ಇನ್ನೊಂದು ಸಿಕ್ಕುತ್ತ ಹೋಯಿತು.

ನಾನು ಹೆಚ್ಚು ಯೋಚಿಸುವ ಇನ್ನೊಂದು ಸಂಗತಿ ವಿದ್ಯುತ್ತಿನದು. 1897ರಲ್ಲಿ ಪಾಯ ತೆಗೆಯುವಾಗ ಮೈಸೂರಿನಲ್ಲಿ ಕರೆಂಟ್ ಇರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಅಂದರೆ ಅರ್ಧಕ್ಕಿಂತ ಹೆಚ್ಚು ಎದ್ದ ಮನೆಗೆ ಹೊಸದೊಂದು ಕಾಲ ಬಂದು ಸೇರಿಕೊಂಡಿತು. ಎಣ್ಣೆಯ ದೀಪದ ಮನೆಯಾಗಿ ಶುರುವಾದದ್ದು ವಿದ್ಯುತ್ತಿನ ಮನೆಯಾಗಿ ಮುಗಿಯಿತು. ಈಗ ಭಾನುವಾರಗಳ ಸಂಜೆ ಸುಮಾರು ಲಕ್ಷ ಬಲ್ಬು ಒಟ್ಟಿಗೆ ಹತ್ತುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಬೆಂಕಿಯಿಂದ ನೊಂದ ಮನೆಗೆ ಉರಿ ಇಲ್ಲದ ಬೆಳಕಿಗಿಂತ ಬೆಲೆಬಾಳುವ ಸೌಕರ್ಯ ಯಾವುದಿದ್ದೀತು? ಮಾರ್ಬಲ್ಲು, ಆಗ್ರಾ ಬಗೆಯಲ್ಲಿ ಬಣ್ಣದ ಕಲ್ಲು ಕೂರಿಸಿದ ನೆಲ, ಇಂಗ್ಲೆಂಡಿನ ಟೈಲು ಎಲ್ಲವನ್ನೂ ಪಕ್ಕಕ್ಕಿಟ್ಟು ನಾನು ಈ ದೀಪಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ಖರ್ಚು 41,47,913 ರೂಪಾಯಿ. ಬಿಡಿ ಮೂರು ರೂಪಾಯಿಯ ತನಕ ಲೆಕ್ಕ ಉಳಿದಿದೆ. ಆ ವರ್ಷಗಳು ಸುಖದವಲ್ಲ. 1898ರಲ್ಲಿ ಪ್ಲೇಗು ಬಂತು, ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅಂಥ ಹೊತ್ತಿನಲ್ಲಿ ಒಂದು ಮನೆಗೆ ಇಷ್ಟು ಹಣವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಅದನ್ನು ನಾನು ತಳ್ಳಿಹಾಕಲಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆದದ್ದು, ಹಿರಿಯೂರಿನ ಕಡೆಯ ಆ ಮಾರಿಕಣಿವೆಯ ಕಟ್ಟೆಗೆ 1898ರಲ್ಲಿ ಕೆಲಸ ಹಿಡಿದದ್ದು ಇದೇ ತಾಯಿಯ ಆಡಳಿತದಲ್ಲಿ ಎಂಬುದನ್ನೂ ಜೊತೆಗೇ ಹೇಳಬೇಕು. ನನಗೆ ಮುಖ್ಯವೆನಿಸುವುದು ಮತ್ತೊಂದು. ಹದಿನೈದು ವರ್ಷ ಒಂದೇ ಕಡೆ ಒಳ್ಳೆಯ ಕೆಲಸ ನಡೆದರೆ ಅಲ್ಲಿ ಕೂಲಿಗೆ ಸೇರಿದ ಹುಡುಗ ಮೇಸ್ತ್ರಿಯಾಗಿ ಹೊರಬರುತ್ತಾನೆ. ಮೈಸೂರಿನ ಕಚೇರಿ, ಆಸ್ಪತ್ರೆ, ಕಾಲೇಜು, ಬಂಗಲೆಗಳಲ್ಲಿ ಕಾಣುವ ಕಮಾನಿನ ನಯ, ಕಟಾಂಜನದ ಅಂದ ಆ ಗರಡಿಯಲ್ಲಿ ಪಳಗಿದ ಕೈಗಳದೆಂದು ನಾನು ನಂಬಿದ್ದೇನೆ.

1912ರಲ್ಲಿ ಮುಗಿಯಿತು ಅನ್ನುತ್ತಾರೆ. ಆದರೆ ಆಮೇಲೆಯೂ ಕೆಲಸ ನಡೆದೇ ಇತ್ತು, ಈಗಿನ ದರ್ಬಾರ್ ಹಾಲಿನ ಭಾಗ ಹಿಗ್ಗಿದ್ದು ದಶಕಗಳಾದ ಮೇಲೆ. ಕಟ್ಟಿಸಿದ ತಾಯಿ 1934ರವರೆಗೂ ಇದ್ದರು. ಅರಮನೆಯ ಹಿಂಭಾಗದಲ್ಲಿ ರಾಜಮನೆತನದವರು ಇವತ್ತಿಗೂ ಇದ್ದಾರೆ. ದಸರೆಯಲ್ಲಿ ಸಿಂಹಾಸನದ ಬಿಡಿಭಾಗಗಳನ್ನು ಹೊರತೆಗೆದು ಜೋಡಿಸುತ್ತಾರೆ, ತೊಟ್ಟಿಯಲ್ಲಿ ಆನೆ, ಕುದುರೆ, ಹಸುವಿಗೆ ಪೂಜೆ ಆಗುತ್ತದೆ. ನಮ್ಮ ದೇಶದ ಎಷ್ಟೋ ಅರಮನೆಗಳು ಹೋಟೆಲಾಗಿವೆ. ಮೈಸೂರಿನಲ್ಲೇ ಅತಿಥಿಗಳಿಗೆಂದು 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಲಲಿತಮಹಲ್ ಚೆಲುವಾದ ಕಟ್ಟಡ, ಹೋಟೆಲಾಗುವುದು ಅದಕ್ಕೆ ಸುಲಭವಾಯಿತು. ತೊಟ್ಟಿಗಳ ಸುತ್ತ, ವ್ರತ ಹಬ್ಬಗಳ ಸುತ್ತ ಕಟ್ಟಿದ ಮನೆಯನ್ನು ಹಾಗೆ ಬಾಡಿಗೆಗೆ ಬಿಡುವುದು ಕಷ್ಟ.

ಮದುವೆಯ ಮನೆ ಸುಟ್ಟ ಆ ಮದುಮಗಳ ಕಥೆಯನ್ನೂ ಹೇಳಬೇಕು. ಜಯಲಕ್ಷ್ಮಮ್ಮಣ್ಣಿ ಅವರು ಕೈಹಿಡಿದದ್ದು ಮುಂದೆ 1918ರಲ್ಲಿ ದಿವಾನರಾದ ಕಾಂತರಾಜೇ ಅರಸರನ್ನು. ಅವರಿಗಾಗಿ ಊರಾಚೆ, ಕುಕ್ಕರಹಳ್ಳಿ ಕೆರೆಯ ಬದಿಯ ದಿಣ್ಣೆಯ ಮೇಲೆ ಜಯಲಕ್ಷ್ಮೀವಿಲಾಸ ಎದ್ದಿತು. 1905ರ ಹೊತ್ತಿಗೆ, ಅಂದರೆ ತಾಯಿಯ ಮನೆಗಿಂತ ಮೊದಲೇ ಮಗಳ ಮನೆ ಸಿದ್ಧ. 125 ಕೋಣೆ, 300 ಕಿಟಕಿ, 287 ಕೆತ್ತನೆಯ ಬಾಗಿಲು ಎಂದು ಲೆಕ್ಕ ಹೇಳುತ್ತಾರೆ. 1959ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ಅದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂತು. ಈಗ ಜಾನಪದ ವಸ್ತುಸಂಗ್ರಹಾಲಯ. ಅಲ್ಲಿಯ ಕಲ್ಯಾಣ ಮಂಟಪದಲ್ಲಿ ನಿಲ್ಲಿಸಿರುವುದು ಕೆತ್ತನೆಯ ಮರದ ಕಂಬಗಳನ್ನು. ಬೆಂಕಿಯನ್ನು ಕಣ್ಣಾರೆ ಕಂಡ ಮನೆತನ ಮಗಳ ಮಂಟಪದಲ್ಲಿ ಮತ್ತೆ ಮರಕ್ಕೆ ಎಡೆ ಕೊಟ್ಟಿತಲ್ಲ ಎಂದು ಆ ಕಂಬ ಮುಟ್ಟಿದಾಗಲೆಲ್ಲ ಬೆರಗಾಗುತ್ತದೆ.

ಬೋಗಾದಿಯ ಕಡೆ ನಾನೀಗ ಕಟ್ಟುತ್ತಿರುವ ಮನೆಯ ಯಜಮಾನಿಯನ್ನು ಎರಡೂ ಕಡೆ ಕರೆದುಕೊಂಡು ಹೋಗಿದ್ದೆ, ನಮ್ಮ ಬಡಗಿಯೂ ಜೊತೆಗಿದ್ದರು. ಆಕೆ ಹೋಂ ಥಿಯೇಟರನ್ನು ಬಿಟ್ಟು, ಆ ಜಾಗಕ್ಕೆ ತೊಟ್ಟಿ ಕೇಳಿದ್ದಾರೆ. ಆಕೆಯ ಅತ್ತೆಯವರು ವರ್ಷವರ್ಷವೂ ಗೊಂಬೆ ಕೂರಿಸುವವರು, ಅದಕ್ಕೆ ಪೂರ್ವದ ಗೋಡೆಗೆ ಒಂಬತ್ತು ಮೆಟ್ಟಿಲಿನ ಅಳತೆ ಬಿಟ್ಟಿದ್ದೇನೆ. ತೊಟ್ಟಿಯ ನಾಲ್ಕು ಕಂಬ ಹಳೇ ಮನೆಯಿಂದ ಬಿಚ್ಚಿ ತಂದ ಬೀಟೆಯದಾಗಬೇಕೋ ಎರಕದ ಕಬ್ಬಿಣದ್ದೋ ಎಂಬುದು ಇನ್ನೂ ಗೊತ್ತಾಗಿಲ್ಲ. ಬಡಗಿ ಮರ ಎನ್ನುತ್ತಾರೆ, ಯಜಮಾನಿಯ ಮಗಳು ಕಬ್ಬಿಣ ಎನ್ನುತ್ತಾಳೆ. ಯಾವುದಾದರೂ ಸರಿ, ಕೆಳಗಿನ ಕಂಬಗಲ್ಲು ಗಟ್ಟಿಯಿರಬೇಕೆಂದು ನಾನು ಕಲ್ಲಿಗೆ ಹೇಳಿಬಿಟ್ಟಿದ್ದೇನೆ.